ಸ್ಕ್ರೀನ್ ರೀಡರ್ ಕನ್ನಡ ಪಿಡಿಎಫ್ ಓದದಿದ್ದಾಗ: ದೋಷ ಎಲ್ಲಿದೆಯೆಂದು ಪತ್ತೆ ಹಚ್ಚುವ ಕ್ರಮ

ಈ ಕೈಪಿಡಿ ಒಂದೇ ದೂರಿಗೆ ಸಂಬಂಧಿಸಿದ್ದು. ಕಾಲೇಜಿನ ಕನ್ನಡ ಪಠ್ಯವನ್ನೋ ಅಧ್ಯಾಪಕರ ಟಿಪ್ಪಣಿಯನ್ನೋ ಪಿಡಿಎಫ್ ರೂಪದಲ್ಲಿ ತೆರೆದರೆ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಮೌನವಾಗಿರುತ್ತದೆ, ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಸುರುತ್ತದೆ, ಇಲ್ಲವೇ ಅರ್ಧ ಪದಗಳನ್ನು ನುಂಗಿ ಓದುತ್ತದೆ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಸ್ಕ್ರೀನ್ ರೀಡರನ್ನು ತೆಗೆದುಹಾಕಿ ಮತ್ತೆ ಅನುಸ್ಥಾಪಿಸುವುದು. ಅದರಿಂದ ಅರ್ಧ ದಿನ ಹೋಗುತ್ತದೆ, ಫಲವೇನೂ ದೊರೆಯುವುದಿಲ್ಲ. ಏಕೆಂದರೆ ಕನ್ನಡ ಕಡತಗಳ ಮಟ್ಟಿಗೆ ದೋಷವು ಬಹುತೇಕ ಓದುವ ತಂತ್ರಾಂಶದಲ್ಲಿ ಇರುವುದಿಲ್ಲ, ಓದಬೇಕಾದ ಕಡತದೊಳಗೇ ಇರುತ್ತದೆ. ಕಡತದ ಯಾವ ಪದರದಲ್ಲಿದೆ ಎಂಬುದನ್ನು ಕೆಲವು ನಿಮಿಷಗಳಲ್ಲಿ ತಿಳಿಯಬಹುದು. ಇಲ್ಲಿ ಹೇಳಿರುವ ಕೀಗಳು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶಕ್ಕೆ ಸೇರಿದವು. ಪರೀಕ್ಷೆಯ ತರ್ಕ ಮಾತ್ರ ಯಾವ ಸ್ಕ್ರೀನ್ ರೀಡರಿಗಾದರೂ ಒಂದೇ.

ಸ್ಕ್ರೀನ್ ರೀಡರ್ ಎಚ್ಚರವಾಗಿದೆಯೇ?

ಇನ್ಸರ್ಟ್ ಕೀ ಹಿಡಿದು ಎಫ್12 ಒತ್ತಿರಿ. ಗಡಿಯಾರದ ಸಮಯ ಕೇಳಿಸಿದರೆ ತಂತ್ರಾಂಶ, ಪಠ್ಯವನ್ನು ಮಾತಾಗಿಸುವ ಧ್ವನಿ ಎಂಜಿನ್, ಸ್ಪೀಕರ್ ಮೂರೂ ಸರಿಯಿವೆ. ಮುಂದಿನ ಭಾಗಕ್ಕೆ ಹೋಗಬಹುದು. ಏನೂ ಕೇಳಿಸದಿದ್ದರೆ ಇನ್ಸರ್ಟ್ ಜೊತೆಗೆ ಎಸ್ ಒತ್ತಿ ನೋಡಿ, ಏಕೆಂದರೆ ಆ ಕೀ ಮಾತಿನ ವಿಧಾನವನ್ನು ಬದಲಿಸುತ್ತದೆ ಮತ್ತು ಬೆರಳು ತಪ್ಪಿ ಅದನ್ನು ಒತ್ತಿ ಮಾತನ್ನೇ ನಿಲ್ಲಿಸಿಕೊಂಡವರು ಕಡಿಮೆಯಿಲ್ಲ. ಬೇರೆಲ್ಲ ಕಡೆ ಮಾತನಾಡುತ್ತಿದ್ದು ಪಿಡಿಎಫ್ ತೆರೆದ ಕಿಟಕಿಯಲ್ಲಿ ಮಾತ್ರ ಪೂರ್ತಿ ಮೌನವಾದರೆ, ಆ ಒಂದು ತಂತ್ರಾಂಶಕ್ಕೆ ನಿದ್ರಾ ಸ್ಥಿತಿ ಜಾರಿಯಾಗಿರಬಹುದು. ಡೆಸ್ಕ್‌ಟಾಪ್ ಕೀ ವಿನ್ಯಾಸದಲ್ಲಿ ಇನ್ಸರ್ಟ್, ಶಿಫ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಎಸ್ ಬದಲಿಗೆ ಝಡ್ ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ.

ನೋಟ್‌ಪ್ಯಾಡ್ ಪರೀಕ್ಷೆ

ಪಿಡಿಎಫ್‌ನ ಒಂದು ಪುಟದಲ್ಲಿ ಕೆಲವು ಸಾಲುಗಳನ್ನು ಆಯ್ದುಕೊಂಡು, ಅಥವಾ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದುಕೊಂಡು, ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿರಿ. ವರ್ಡ್‌ನಲ್ಲಿ ಅಂಟಿಸಬಾರದು. ಪಠ್ಯದ ಜೊತೆಗೆ ಫಾಂಟ್ ಹೆಸರನ್ನೂ ವರ್ಡ್ ಹೊತ್ತು ತರುವುದರಿಂದ, ಒಳಗೆ ಕನ್ನಡವೇ ಇಲ್ಲದ ಕಡತವೂ ಅಲ್ಲಿ ಅಚ್ಚುಕಟ್ಟಾದ ಕನ್ನಡವಾಗಿ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತ ಕಣ್ಣು ಕಾಣುವ ಸಹಪಾಠಿ "ಎಲ್ಲ ಸರಿಯಾಗಿಯೇ ಇದೆಯಲ್ಲ" ಎನ್ನುತ್ತಾರೆ, ವಾದ ಅಲ್ಲಿಗೇ ನಿಲ್ಲುತ್ತದೆ. ನೋಟ್‌ಪ್ಯಾಡ್ ಆ ಉಡುಪನ್ನು ಕಳಚಿ ಅಕ್ಷರಗಳನ್ನು ಅವು ಇರುವಂತೆಯೇ ತೋರಿಸುತ್ತದೆ.

ಫಲಿತಾಂಶ ನಾಲ್ಕು ಬಗೆಯಾಗಿರಬಹುದು: ಏನೂ ಅಂಟದಿರುವುದು, ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ, ಕನ್ನಡವೇ ಆದರೂ ಒಡೆದ ಪದಗಳು, ಅಥವಾ ಸರಿಯಾದ ಕನ್ನಡ. ಯಾವುದು ಬಂದಿದೆ ಎಂಬುದನ್ನು ತಿಳಿಯಲು ಇನ್ನೊಬ್ಬರ ಕಣ್ಣು ಬೇಕಿಲ್ಲ. ಅಂಟಿಸಿದ ಪಠ್ಯದ ಮೇಲೆ ಕರ್ಸರ್ ಇಟ್ಟು, ನಮ್‌ಲಾಕ್ ಆಫ್ ಮಾಡಿ, ಸಂಖ್ಯಾಫಲಕದ 2ನ್ನು ಬೇಗಬೇಗನೆ ಮೂರು ಬಾರಿ ಒತ್ತಿದರೆ (ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಎನ್‌ವಿಡಿಎ ಕೀ, ಅಂದರೆ ಇನ್ಸರ್ಟ್, ಜೊತೆಗೆ ಪೂರ್ಣವಿರಾಮದ ಕೀ) ಎನ್‌ವಿಡಿಎ ಆ ಅಕ್ಷರದ ಸಂಖ್ಯೆಯನ್ನು ಹೇಳುತ್ತದೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 3200ರಿಂದ 3327ರವರೆಗೆ. ಸಂಖ್ಯೆ ಈ ನಡುವೆ ಇದ್ದರೆ ಕಡತದಲ್ಲಿರುವುದು ನಿಜವಾದ ಕನ್ನಡ. ಕನ್ನಡ ಪದದೊಳಗಿನ ಅಕ್ಷರದ ಸಂಖ್ಯೆ 256ಕ್ಕಿಂತ ಕಡಿಮೆ ಇದ್ದರೆ, ಕಣ್ಣಿಗೆ ಏನೇ ಕಾಣಲಿ, ಅದು ಕನ್ನಡವಲ್ಲ.

ಏನೂ ಅಂಟದಿದ್ದರೆ

ಆಯ್ಕೆಯೇ ಆಗಲಿಲ್ಲ ಅಥವಾ ನೋಟ್‌ಪ್ಯಾಡ್ ಖಾಲಿಯಾಗಿಯೇ ಉಳಿಯಿತು ಎಂದಾದರೆ, ಪುಟಗಳನ್ನು ಸ್ಕ್ಯಾನ್ ಮಾಡಿ ಅಥವಾ ಫೋನಿನಲ್ಲಿ ಚಿತ್ರ ತೆಗೆದು ಪಿಡಿಎಫ್ ಮಾಡಿದ್ದಾರೆ ಎಂದೇ ಹೆಚ್ಚಾಗಿ ಅರ್ಥ. ಆದರೆ ಈ ತೀರ್ಮಾನಕ್ಕೆ ಬರುವ ಮೊದಲು ಒಂದು ಅಪವಾದವನ್ನು ನೋಡಬೇಕು. ಅಕ್ರೋಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ ಕಡತದ ಗುಣಲಕ್ಷಣಗಳನ್ನು ತೆರೆದರೆ ಭದ್ರತೆಯ ಪುಟದಲ್ಲಿ ನಕಲು ಮಾಡಲು ಅನುಮತಿ ಇದೆಯೇ, ಮತ್ತು ಅದರಿಂದ ಬೇರೆಯಾಗಿ ಸ್ಕ್ರೀನ್ ರೀಡರಿನಂಥ ಸಹಾಯಕ ಸಾಧನಗಳಿಗೆ ಅನುಮತಿ ಇದೆಯೇ ಎಂಬುದು ಗೊತ್ತಾಗುತ್ತದೆ. ನಕಲು ನಿಷೇಧಿಸಿದ ಕಡತ ನೋಟ್‌ಪ್ಯಾಡ್‌ಗೆ ಬಾರದಿದ್ದರೂ ಚೆನ್ನಾಗಿ ಓದಿಸಿಕೊಳ್ಳಬಹುದು. ಎರಡೂ ಅನುಮತಿಗಳನ್ನು ಕಿತ್ತುಕೊಂಡಿದ್ದರೆ ತಾಂತ್ರಿಕವಾಗಿ ಹುಡುಕುವುದೇನೂ ಉಳಿದಿಲ್ಲ. ಕಡತ ಕೊಟ್ಟವರನ್ನೇ ಕೇಳಬೇಕು. ಅದೇ ಕಿಟಕಿಯ ಫಾಂಟ್‌ಗಳ ಪುಟ ಸಂಪೂರ್ಣ ಖಾಲಿ ಇದ್ದರೆ ಅನುಮಾನ ಬೇಡ, ಅದು ಚಿತ್ರ.

ಚಿತ್ರದಿಂದ ಅಕ್ಷರಗಳನ್ನು ಎತ್ತುವ ಓಸಿಆರ್ ಕೆಲಸಕ್ಕೆ ಮುಕ್ತ ತಂತ್ರಾಂಶವಾದ ಟೆಸರಾಕ್ಟ್ ಕನ್ನಡವನ್ನು ಬೆಂಬಲಿಸುತ್ತದೆ; ಗೂಗಲ್ ಡ್ರೈವ್‌ಗೆ ಏರಿಸಿದ ಪಿಡಿಎಫ್ ಅನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಕನ್ನಡ ಪಠ್ಯ ಸಿಗುತ್ತದೆ. ಫಲಿತಾಂಶ ಕೆಟ್ಟದಾಗಿದ್ದರೆ ತಂತ್ರಾಂಶವನ್ನು ಬದಲಿಸುವ ಮೊದಲು ಚಿತ್ರವನ್ನು ಸರಿಪಡಿಸಿಕೊಳ್ಳುವುದು ಜಾಣತನ: ಪುಟ ಓರೆಯಾಗಿರಬಾರದು, ಬೈಂಡಿಂಗ್ ಬಳಿಯ ನೆರಳು ಬೀಳಬಾರದು, ಸಾಂದ್ರತೆ ಅಂಗುಲಕ್ಕೆ 300 ಚುಕ್ಕೆಗಳಿಗಿಂತ ಕಡಿಮೆಯಾಗಬಾರದು. ಕನ್ನಡದಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಎಷ್ಟೋ ಕಡೆ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿನ ಒಂದು ಸಣ್ಣ ಸೀಳು ಮಾತ್ರ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಅದಲುಬದಲಾಗುವುದು ಮಸುಕಾದ ಚಿತ್ರದಲ್ಲಿ ಸಹಜ. ಅನುಸ್ವಾರವನ್ನು ಸೊನ್ನೆಯೆಂದು ತಿಳಿಯುವುದು ಇನ್ನೊಂದು ಹಳೆಯ ಚಾಳಿ. ಪದದ ನಡುವೆ ಇದ್ದಕ್ಕಿದ್ದಂತೆ "ಸೊನ್ನೆ" ಎಂದು ಕೇಳಿಸಿದರೆ ಅಲ್ಲಿ ಅನುಸ್ವಾರವಿತ್ತು ಎಂದೇ ಊಹಿಸಬಹುದು. ಇಸವಿಗಳನ್ನೂ ಅಂಕಿಸಂಖ್ಯೆಗಳನ್ನೂ ಓಸಿಆರ್ ಪಠ್ಯದಿಂದ ನೇರವಾಗಿ ಉತ್ತರ ಪತ್ರಿಕೆಗೆ ಒಯ್ಯದೆ ಒಮ್ಮೆ ಮೂಲದೊಡನೆ ಹೋಲಿಸಿಕೊಳ್ಳಬೇಕು.

ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ

ಕನ್ನಡದ ಓದುಗರನ್ನು ಹೆಚ್ಚು ಕಾಡುವುದು ಈ ದೋಷ, ಹೆಚ್ಚು ತಪ್ಪಾಗಿ ಅರ್ಥವಾಗಿರುವುದೂ ಇದೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಬಹುಕಾಲ ನಡೆದದ್ದು, ಇಂದಿಗೂ ಹಲವೆಡೆ ನಡೆಯುತ್ತಿರುವುದು, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ. ಆ ಫಾಂಟ್‌ಗಳ ಉಪಾಯ ಸರಳವಾದದ್ದು: ಕಂಪ್ಯೂಟರ್ ಇಂಗ್ಲಿಷಿನ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳನ್ನೇ ಸಂಗ್ರಹಿಸಿಡುತ್ತದೆ, ಆದರೆ ಫಾಂಟ್ ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರವನ್ನು ಬಿಡಿಸುತ್ತದೆ. ಮುದ್ರಿಸುವವರಿಗೆ ಚಿತ್ರ ಸಾಕು. ಸ್ಕ್ರೀನ್ ರೀಡರ್ ಮಾತ್ರ ಚಿತ್ರವನ್ನು ನೋಡುವುದಿಲ್ಲ, ಸಂಗ್ರಹವಾಗಿರುವ ಸಂಖ್ಯೆಗಳನ್ನು ಓದುತ್ತದೆ.

"ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತಗಳ ಸಾಲು: 3221, 3240, 3277, 3240, 3233. ಅಂದರೆ ಕ, ನ, ವಿರಾಮ, ಮತ್ತೊಂದು ನ, ಡ. ನುಡಿಯ ಹಳೆಯ ಫಾಂಟಿನಲ್ಲಿ ಅದೇ ಪದ ಏಳು ಸಂಕೇತಗಳಾಗುತ್ತದೆ: 80, 192, 163, 192, 223, 113, 192. ಇದರಲ್ಲಿ 80 ಇಂಗ್ಲಿಷಿನ ದೊಡ್ಡ ಪಿ ಅಕ್ಷರ, 163 ಬ್ರಿಟನ್ನಿನ ಪೌಂಡ್ ಚಿಹ್ನೆ, ಮೂರು ಬಾರಿ ಬರುವ 192 ತಲೆಯ ಮೇಲೆ ಗೆರೆಯಿರುವ ದೊಡ್ಡ ಎ. ಈ 192 ನಮ್ಮ ಲಿಪಿಯ ತಲೆಕಟ್ಟಿನ ಪಾತ್ರ ವಹಿಸುತ್ತಿದೆ. ಸಮಾಜಶಾಸ್ತ್ರದ ಟಿಪ್ಪಣಿಯನ್ನು ಅಕ್ಷರ ಅಕ್ಷರವಾಗಿ ಓದಿಸಿದಾಗ "ಪೌಂಡ್" ಎಂದು ಮತ್ತೆ ಮತ್ತೆ ಕೇಳಿಸುವುದೇಕೆ ಎಂಬ ಒಗಟಿಗೆ ಉತ್ತರ ಇಷ್ಟೇ: ನ ಅಕ್ಷರ ಆ ಚಿಹ್ನೆಯ ಮರೆಯಲ್ಲಿ ಕುಳಿತಿದೆ.

ದೃಢಪಡಿಸಿಕೊಳ್ಳಲು ಗುಣಲಕ್ಷಣಗಳ ಕಿಟಕಿಯಲ್ಲಿ ಫಾಂಟ್‌ಗಳ ಪುಟವನ್ನು ಓದಿಸಿರಿ. "ನುಡಿ 01 ಇ" ಅಥವಾ "ಬಿಆರ್‌ಎಚ್ ಕನ್ನಡ" ಎಂಬಂಥ ಹೆಸರು ಬಂದರೆ ಕಡತ ಹಳೆಯ ಸಂಕೇತದ್ದು. "ತುಂಗಾ", "ನಿರ್ಮಲಾ ಯುಐ", "ನೋಟೋ ಸಾನ್ಸ್ ಕನ್ನಡ" ಬಂದರೆ ಯೂನಿಕೋಡ್. ನುಡಿಯಲ್ಲಿ ಯೂನಿಕೋಡ್ ಫಾಂಟ್‌ಗಳೂ ಇವೆ, ಅವುಗಳ ಹೆಸರಿನಲ್ಲಿ "ಯೂನಿ" ಎಂದು ಸೇರಿರುತ್ತದೆ. ಆದ್ದರಿಂದ ನುಡಿ ಎಂಬ ಹೆಸರು ಕೇಳಿದ ಮಾತ್ರಕ್ಕೆ ದೋಷ ಹೊರಿಸಬಾರದು. ಸಂದೇಹವಿದ್ದರೆ ಅಕ್ಷರದ ಸಂಖ್ಯೆಯೇ ಕೊನೆಯ ಸಾಕ್ಷಿ.

ಈ ಕಡತಕ್ಕೆ ಧ್ವನಿ ಎಂಜಿನ್ ಬದಲಿಸುವುದರಿಂದಾಗಲಿ, ಕನ್ನಡ ಧ್ವನಿಯನ್ನು ಹೊಸದಾಗಿ ಹಾಕಿಕೊಳ್ಳುವುದರಿಂದಾಗಲಿ ಏನೂ ಆಗುವುದಿಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಅದಕ್ಕೆ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಪರಿವರ್ತಿತ ಪಠ್ಯದಲ್ಲಿ ಎರಡು ಕಡೆ ಕಿವಿಯಿಟ್ಟು ಕೇಳಬೇಕು. ಮೊದಲನೆಯದು ಅರ್ಕಾವತ್ತು: ಹಳೆಯ ಸಂಕೇತದಲ್ಲಿ ಅದು ಬರೆಯುವ ಕ್ರಮದಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ಬರಬೇಕು. ಪರಿವರ್ತಕ ಇದನ್ನು ತಿರುಗಿಸಲು ಮರೆತರೆ "ಅರ್ಥ" ಎಂಬುದು "ಅಥರ್" ಆಗುತ್ತದೆ, ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಕಿರುಕುಳ ಬೇಕಿಲ್ಲ. ಎರಡನೆಯದು ನಡುನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಪದಗಳು. ಪರಿವರ್ತಕಕ್ಕೆ ಫಾಂಟಿನ ಅರಿವಿಲ್ಲದಿದ್ದರೆ ಯಾವ ಪಿ ಕನ್ನಡದ ವೇಷದ್ದು, ಯಾವುದು ನಿಜವಾದ ಪಿ ಎಂದು ಅದು ಹೇಳಲಾರದು. ಹಾಗಾಗಿ ಪಾರಿಭಾಷಿಕ ಪದಗಳು, ಲೇಖಕರ ಹೆಸರುಗಳು, ವೆಬ್ ವಿಳಾಸಗಳು ಕನ್ನಡದ ಅಪಶಬ್ದಗಳಾಗಿ ಹೊರಬರುತ್ತವೆ. ವರ್ಡ್ ಕಡತವೇ ಕೈಯಲ್ಲಿದ್ದರೆ ಫಾಂಟಿನ ಹೆಸರನ್ನು ನೋಡಿಕೊಂಡು ಪರಿವರ್ತಿಸುವ ಸಾಧನವನ್ನು ಬಳಸುವುದು ಮೇಲು.

ಪರಿವರ್ತಿಸಿದ್ದನ್ನು ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಯುಟಿಎಫ್-8 ಎನ್‌ಕೋಡಿಂಗ್ ಆಯ್ದಿರಬೇಕು. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಅದು ತಾನಾಗಿಯೇ ಆಗುತ್ತದೆ. ಹಳೆಯ ಯಂತ್ರಗಳಲ್ಲಿ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಆಯ್ಕೆ ಉಳಿದಿದ್ದರೆ, ಎಚ್ಚರಿಕೆಯನ್ನು ಓದದೆ ಸರಿ ಎಂದವರಿಗೆ ಮರುದಿನ ಕಡತದ ತುಂಬ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಸಿಗುತ್ತವೆ.

ಕನ್ನಡವೇ, ಆದರೆ ಒಡೆದ ಕನ್ನಡ

ಅಕ್ಷರದ ಸಂಖ್ಯೆ 3200ರ ಮೇಲಿದೆ, ಆದರೂ ಪದಗಳಲ್ಲಿ ಒತ್ತಕ್ಷರಗಳು ಕಾಣೆಯಾಗಿವೆ, ಕೊಂಬು ದೀರ್ಘಗಳು ಪಕ್ಕದ ಅಕ್ಷರಕ್ಕೆ ಜಾರಿವೆ, ನಡುವೆ ಖಾಲಿ ಜಾಗಗಳಿವೆ ಎಂದಾದರೆ ಪಿಡಿಎಫ್ ತಯಾರಾದ ಬಗೆಯಲ್ಲಿ ದೋಷವಿದೆ. ಪಿಡಿಎಫ್ ತನ್ನೊಳಗೆ ಇಟ್ಟುಕೊಳ್ಳುವುದು ಮುಖ್ಯವಾಗಿ ಅಕ್ಷರರೂಪಗಳ ಕ್ರಮಸಂಖ್ಯೆಗಳನ್ನು. ಯಾವ ರೂಪ ಯಾವ ಯೂನಿಕೋಡ್ ಅಕ್ಷರಕ್ಕೆ ಸಲ್ಲುತ್ತದೆ ಎಂಬುದನ್ನು ಹೇಳಲು ಬೇರೊಂದು ನಕ್ಷೆ ಇರಬೇಕು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ರೂಪಕ್ಕೆ ಒಂದು ಅಕ್ಷರ, ಆದ್ದರಿಂದ ನಕ್ಷೆ ಸುಲಭ. ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಸೇರಿ ಹೊಸ ರೂಪಗಳು ಹುಟ್ಟುತ್ತವೆ, ಅವುಗಳ ಕ್ರಮವೂ ಬದಲಾಗುತ್ತದೆ. ಮುದ್ರಕಕ್ಕೆ ಕಳುಹಿಸುವಂತೆ ಪಿಡಿಎಫ್ ಮಾಡುವ ಸಾಧನಗಳಲ್ಲಿ ಈ ನಕ್ಷೆ ಹರಿದುಹೋಗುವುದುಂಟು. ಪುಟದ ರಚನೆಯಂತೂ ಅಲ್ಲಿ ಉಳಿಯುವುದೇ ಇಲ್ಲ.

ಇಂಥ ಕಡತವನ್ನು ಪರಿವರ್ತಕಕ್ಕೆ ಹಾಕಿದರೆ ಇನ್ನಷ್ಟು ಕೆಡುತ್ತದೆ. ಮೂಲ ವರ್ಡ್ ಕಡತವನ್ನು ತರಿಸಿಕೊಂಡು ಅದನ್ನೇ ಓದುವುದು ಒಳ್ಳೆಯ ದಾರಿ. ಪಿಡಿಎಫ್ ಬೇಕೇ ಬೇಕೆಂದರೆ ವರ್ಡ್‌ನ ಮುದ್ರಣ ಆಜ್ಞೆಯನ್ನು ಬಿಟ್ಟು, ಪಿಡಿಎಫ್ ಆಗಿ ಉಳಿಸುವ ಆಜ್ಞೆಯನ್ನು ಬಳಸಿ, ಅದರ ಆಯ್ಕೆಗಳಲ್ಲಿ ಸುಗಮ್ಯತೆಗಾಗಿ ರಚನೆಯ ಟ್ಯಾಗ್‌ಗಳನ್ನು (ಶೀರ್ಷಿಕೆ, ಪ್ಯಾರಾ, ಓದುವ ಕ್ರಮ ಇವನ್ನು ತಿಳಿಸುವ ಒಳಸೂಚನೆಗಳು) ಸೇರಿಸುವ ಗುರುತನ್ನು ಹಾಕಬೇಕು. ಮೂಲ ಸಿಗುವ ಆಸೆಯೇ ಇಲ್ಲದಿದ್ದರೆ ಪುಟವನ್ನು ಚಿತ್ರವೆಂದೇ ಭಾವಿಸಿ ಓಸಿಆರ್ ಮಾಡುವುದು ವಿಚಿತ್ರವೆನಿಸಿದರೂ ಕೆಲಸಕ್ಕೆ ಬರುತ್ತದೆ. ಚಿತ್ರ ನಿಚ್ಚಳವಾಗಿರುವುದರಿಂದ ಸ್ಕ್ಯಾನ್ ಪುಟಕ್ಕಿಂತ ತಪ್ಪು ಕಡಿಮೆ.

ಇದಕ್ಕೆ ಹತ್ತಿರದ ಇನ್ನೊಂದು ಸಣ್ಣ ತೊಡಕು ಹುಡುಕುವಾಗ ಎದುರಾಗುತ್ತದೆ. ಪದ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. "ಸಾಫ್ಟ್‌ವೇರ್" ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಿರುತ್ತಾರೆ, ಅದರ ಸಂಖ್ಯೆ 8204. ಜೋಡಿಸುವ ಅದರ ಜೊತೆಗಾರ 8205. ನೀವು ಟೈಪಿಸಿದ ಪದದಲ್ಲಿ ಅದು ಇಲ್ಲದಿದ್ದರೆ ಎರಡೂ ಬೇರೆ ಪದಗಳೆಂದೇ ಕೆಲವು ತಂತ್ರಾಂಶಗಳು ತಿಳಿಯುತ್ತವೆ. ಪದದ ಮೊದಲ ಭಾಗವನ್ನಷ್ಟೇ ಹುಡುಕುವುದು ಸದ್ಯದ ಉಪಾಯ.

ಪಠ್ಯ ಸರಿಯಿದೆ, ಧ್ವನಿಯಿಲ್ಲ

ನೋಟ್‌ಪ್ಯಾಡ್‌ಗೆ ಶುದ್ಧ ಕನ್ನಡ ಬಂದರೂ ಇಂಗ್ಲಿಷ್ ಪದಗಳು ಮಾತ್ರ ಕೇಳಿಸಿ ಕನ್ನಡ ಸಾಲುಗಳು ಜಿಗಿದುಹೋದರೆ, ಈಗ ಮಾತ್ರ ದೋಷ ನಿಮ್ಮ ಯಂತ್ರದಲ್ಲಿದೆ. ಆಯ್ದಿರುವ ಧ್ವನಿ ಎಂಜಿನ್‌ಗೆ ಕನ್ನಡ ಬರುವುದಿಲ್ಲ. ಎನ್‌ವಿಡಿಎ ಕೀ, ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಎಂಜಿನ್‌ಗಳ ಪಟ್ಟಿ ತೆರೆಯುತ್ತದೆ. ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎನ್‌ಜಿಗೆ ಕನ್ನಡ ಗೊತ್ತಿದೆ. ಅದರ ದನಿ ಯಾಂತ್ರಿಕವಾದದ್ದು, ಮೊದಲ ವಾರ ಕಿವಿಗೆ ಒರಟೆನಿಸುತ್ತದೆ, ಆದರೆ ವೇಗ ಹೆಚ್ಚಿಸಿದಾಗಲೂ ಅಕ್ಷರಗಳನ್ನು ನುಂಗುವುದಿಲ್ಲ. ಮಾತಿನ ಸೆಟ್ಟಿಂಗ್‌ಗಳಲ್ಲಿ ಭಾಷೆಯನ್ನು ತಾನಾಗಿ ಬದಲಿಸುವ ಆಯ್ಕೆಯನ್ನೂ ಗಮನಿಸಿರಿ: ಕಡತದ ಭಾಷೆ ಇಂಗ್ಲಿಷ್ ಎಂದು ತಪ್ಪಾಗಿ ನಮೂದಾಗಿದ್ದರೆ ಆ ಆಯ್ಕೆ ಕನ್ನಡ ಪಠ್ಯವನ್ನು ಇಂಗ್ಲಿಷ್ ಧ್ವನಿಯ ಕೈಗೆ ಒಪ್ಪಿಸುತ್ತದೆ, ಆಗ ಅದನ್ನು ಆಫ್ ಮಾಡಿ ಕನ್ನಡ ಧ್ವನಿಯನ್ನೇ ನಿಲ್ಲಿಸಿಕೊಳ್ಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಅದರ ಸ್ಕ್ರೀನ್ ರೀಡರಾದ ಟಾಕ್‌ಬ್ಯಾಕ್ ಬಳಸುವವರು ಪಠ್ಯದಿಂದ ಮಾತಿಗೆ ಎಂಬ ಸೆಟ್ಟಿಂಗ್‌ನಲ್ಲಿ ಗೂಗಲ್‌ನ ಎಂಜಿನ್‌ಗೆ ಕನ್ನಡದ ಧ್ವನಿ ಇಳಿದಿದೆಯೇ ಎಂದು ನೋಡಬೇಕು.

ಓದುತ್ತದೆ, ಆದರೆ ಕ್ರಮ ತಪ್ಪುತ್ತದೆ ಅಥವಾ ನಡುವೆ ನಿಲ್ಲುತ್ತದೆ

ಎರಡು ಅಂಕಣಗಳ ಪುಟದಲ್ಲಿ ಎಡ ಅಂಕಣದ ಅರ್ಧ ವಾಕ್ಯಕ್ಕೆ ಬಲ ಅಂಕಣದ ಅರ್ಧ ವಾಕ್ಯ ಸೇರಿಕೊಂಡರೆ ಕಡತದಲ್ಲಿ ರಚನೆಯ ಟ್ಯಾಗ್‌ಗಳಿಲ್ಲ, ಅಥವಾ ಇದ್ದರೂ ಕ್ರಮ ತಪ್ಪಿವೆ. ಗುಣಲಕ್ಷಣಗಳ ಕಿಟಕಿಯ ಮೊದಲ ಪುಟದಲ್ಲಿಯೇ ಟ್ಯಾಗ್‌ಗಳಿವೆಯೇ ಇಲ್ಲವೇ ಎಂದು ಬರೆದಿರುತ್ತದೆ. ಇಲ್ಲ ಎಂದಿದ್ದರೆ ಅಕ್ರೋಬ್ಯಾಟ್ ರೀಡರ್‌ನ ಆದ್ಯತೆಗಳಲ್ಲಿ ಓದುವಿಕೆಯ ವಿಭಾಗಕ್ಕೆ ಹೋಗಿ ಓದುವ ಕ್ರಮವನ್ನು ಬದಲಿಸಿ ನೋಡಬಹುದು; ಅಲ್ಲಿರುವ ಮೂರು ಕ್ರಮಗಳಲ್ಲಿ ಒಂದು ಪುಟಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪುವುದಿಲ್ಲ, ಪ್ರಯತ್ನಿಸಿಯೇ ತಿಳಿಯಬೇಕು.

ಉದ್ದನೆಯ ಪಠ್ಯಪುಸ್ತಕದಲ್ಲಿ ಪುಟದ ಕೊನೆಗೆ ಬಂದೊಡನೆ ಓದು ನಿಂತರೆ ಗಾಬರಿಯಾಗಬೇಕಿಲ್ಲ. ದೊಡ್ಡ ಕಡತಗಳಲ್ಲಿ ಪರದೆಯ ಮೇಲಿರುವ ಪುಟಗಳನ್ನು ಮಾತ್ರ ಸ್ಕ್ರೀನ್ ರೀಡರಿಗೆ ಒದಗಿಸುವುದು ಅಕ್ರೋಬ್ಯಾಟ್ ರೀಡರ್‌ನ ಸಹಜ ಏರ್ಪಾಡು, ಮತ್ತು 50 ಪುಟ ದಾಟಿದ ಕಡತವನ್ನು ಅದು ದೊಡ್ಡದೆಂದು ಎಣಿಸುತ್ತದೆ. ಅದೇ ಓದುವಿಕೆಯ ವಿಭಾಗದಲ್ಲಿ ಇಡೀ ಕಡತವನ್ನು ಓದುವಂತೆ ಬದಲಿಸಬಹುದು, ಆದರೆ ತೆರೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಗಣಿತದ ಸೂತ್ರಗಳು ಬೇರೆಯದೇ ಸಮಸ್ಯೆ. ಎಕ್ಸ್‌ನ ವರ್ಗ ಎಂಬುದು "ಎಕ್ಸ್ ಎರಡು" ಎಂದಷ್ಟೇ ಕೇಳಿಸಿದರೆ ಘಾತವು ಮೇಲೆ ಕುಳಿತ ಸಣ್ಣ ಅಂಕಿಯಾಗಿ ಮಾತ್ರ ಉಳಿದಿದೆ ಎಂದರ್ಥ. ಇದನ್ನು ಓದುವವರ ಕಡೆಯಿಂದ ಸರಿಪಡಿಸುವುದು ಕಷ್ಟ. ಸಮೀಕರಣ ಸಂಪಾದಕದಲ್ಲಿ ಬರೆದ ವರ್ಡ್ ಕಡತವನ್ನೋ ಸೂತ್ರದ ರಚನೆಯನ್ನೇ ದಾಖಲಿಸುವ ಮ್ಯಾಥ್‌ಎಂಎಲ್ ಸಂಕೇತ ಇರುವ ವೆಬ್ ಪುಟವನ್ನೋ ಕೇಳಿ ಪಡೆಯಬೇಕು.

ಅಧ್ಯಾಪಕರಿಗೆ ತಿಳಿಸುವಾಗ

"ಕಡತ ಓದುತ್ತಿಲ್ಲ" ಎಂದಷ್ಟೇ ಬರೆದರೆ ಅಧ್ಯಾಪಕರು ತಮ್ಮ ಯಂತ್ರದಲ್ಲಿ ತೆರೆದು ನೋಡಿ, ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಅದೇ ಕಡತವನ್ನು ಮತ್ತೆ ಕಳುಹಿಸುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ. ಕಡತದ ಹೆಸರು, ಪುಟಸಂಖ್ಯೆ, ನೋಟ್‌ಪ್ಯಾಡ್‌ನಲ್ಲಿ ಏನು ಬಂತು, ಫಾಂಟಿನ ಹೆಸರು ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ: "ಮೂರನೆಯ ಘಟಕದ ಟಿಪ್ಪಣಿ ನುಡಿ 01 ಇ ಫಾಂಟಿನಲ್ಲಿದೆ, ಆದ್ದರಿಂದ ಸ್ಕ್ರೀನ್ ರೀಡರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಓದಿಸಿಕೊಳ್ಳುತ್ತಿದೆ. ದಯವಿಟ್ಟು ಇದರ ವರ್ಡ್ ಕಡತವನ್ನು ಕಳುಹಿಸಿಕೊಡಿ, ಸಾಧ್ಯವಾದರೆ ಯೂನಿಕೋಡ್‌ನಲ್ಲಿ." ಅಂಟಿಸಿದ ಪಠ್ಯದ ಒಂದು ಸಾಲನ್ನು ಹಾಗೆಯೇ ಮಿಂಚಂಚೆಯಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು, ಅವರಿಗೆ ಅಚ್ಚುಕಟ್ಟಾಗಿ ಕಾಣುತ್ತಿದ್ದ ಆ ಸಾಲು ನಿಮಗೆ ಯಾವ ರೂಪದಲ್ಲಿ ತಲುಪುತ್ತಿದೆ ಎಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ನೋಡುತ್ತಾರೆ.